ಹದಿನಾಲ್ಕು ಮನೆಗಳ ಫೋಲ್ಡರ್

ಹೋದ ವಾರ ಸುಳ್ಯದಿಂದ ಪುತ್ತೂರಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸೊಬ್ಬರು, ಜಾಲ್ಸೂರು ದಾಟಿದ ಮೇಲೆ, ಚೀಲದಿಂದ ಬೆರಳುದ್ದದ ಬಾಟಲಿ ತೆಗೆದು ತಮ್ಮ ಮಣಿಕಟ್ಟಿಗೆ ಒಮ್ಮೆ ಒರೆಸಿಕೊಂಡರು. ಮತ್ತೆ ಕೇಳದೆ ಹೇಳದೆ ನನ್ನ ಕೈ ಎಳೆದು ನನಗೂ ಒರೆಸಿದರು. “ಮದುವೆಗೆ ಹೋಗುದು ನಾವು. ನಿಮಗೂ ಸ್ವಲ್ಪ ಇರ್ಲಿ,” ಅಂತ ನಕ್ಕರು. ಅತ್ತರಿನ ಬಾಟಲಿ ಅದು. ಮನೆಗೆ ಬಂದು ಸಾಬೂನು ಹಾಕಿ ತೊಳೆದೆ, ಹೋಗಲಿಲ್ಲ. ಅನ್ನ ಕಲಸುವಾಗ ಬಂತು, ತಲೆ ಬಾಚುವಾಗ ಬಂತು. ಆ ವಾಸನೆಯ ಒಳಗೆ ಅಕ್ಕ ಇದ್ದರು…

ಅಕ್ಕ ಅಂದರೆ ನನ್ನ ಒಡಹುಟ್ಟಿದವರಲ್ಲ. ಕಡಬ ಪೇಟೆಯಲ್ಲಿ ಒಂದು ಹಳೆಯ ಕಟ್ಟಡದ ಮಾಳಿಗೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದವರು. ಊರಿಗೆಲ್ಲ ಅವರು ಅಕ್ಕ. ನಾನು ಇಚಿಲಂಪಾಡಿಯಿಂದ ಜೀಪಿನಲ್ಲಿ ಬಂದು ಅವರಲ್ಲಿ ಆಲ್ಬಂ ಡಿಸೈನ್ ಮಾಡುತ್ತಿದ್ದೆ. ಆಗ ಅವರಿಗೆ ಐವತ್ತು ದಾಟಿತ್ತು. ಸೀರೆ ಉಟ್ಟು, ಕಾಲಿಗೆ ಬಿಳಿ ಕ್ಯಾನ್‌ವಾಸ್ ಶೂ ಹಾಕಿ, ಕುತ್ತಿಗೆಗೆ ಎರಡು ಕ್ಯಾಮೆರಾ ನೇತುಹಾಕಿಕೊಂಡು ಮೆಟ್ಟಿಲು ಇಳಿದರೆಂದರೆ ಎಲ್ಲೋ ಒಂದು ಬ್ಯಾರಿ ಮನೆಯಲ್ಲಿ ಮದುವೆ ಉಂಟು ಅಂತ ಪೇಟೆಗೇ ಗೊತ್ತಾಗುತ್ತಿತ್ತು.

ಬ್ಯಾರಿಗಳು ಅಂದರೆ ನಮ್ಮ ಕರಾವಳಿಯ ಮುಸಲ್ಮಾನರು, ಅವರ ಮದುವೆಯಲ್ಲಿ ಹೆಂಗಸರ ಕಡೆಯ ಫೋಟೋ ತೆಗೆಯಲು ಗಂಡಸರಿಗೆ ಪ್ರವೇಶ ಇಲ್ಲ. ಅಲ್ಲಿ ತಲೆಯ ಮೇಲಿನ ಬಟ್ಟೆ ಸರಿದಿರುತ್ತದೆ, ಮದುಮಗಳ ಸುತ್ತ ಹಾಡು ಉಂಟು, ನಗೆ ಉಂಟು, ಅಜ್ಜಿಯಂದಿರ ಚೇಷ್ಟೆಯೂ ಉಂಟು. ಆ ಕೋಣೆಯೊಳಗೆ ಕ್ಯಾಮೆರಾ ಹಿಡಿದು ಹೋಗಲು ಅಕ್ಕನಿಗೆ ಮಾತ್ರ ಬಿಡುತ್ತಿದ್ದರು. ಕಡಬ ಮಾತ್ರ ಅಲ್ಲ, ಸುಳ್ಯದ ಆಚೆ ಆಲೆಟ್ಟಿಯಿಂದಲೂ ಕರೆ ಬರುತ್ತಿತ್ತು. ಮನೆಯಲ್ಲಿ ತುಳು ಮಾತಾಡುವ ಅಕ್ಕ ಅಲ್ಲಿ ಬ್ಯಾರಿ ಭಾಷೆ ಆಡಿದರೆ ಹೊಸಬರಿಗೆ ಗೊಂದಲ. “ನಿಮ್ಮದು ಯಾವ ಜಮಾತ್?” ಅಂತ ಯಾರೋ ಕೇಳಿದ್ದಕ್ಕೆ, “ನಮ್ಮದು ಕ್ಯಾಮೆರಾ ಜಮಾತ್ ಮಾರಾಯ್ತಿ, ಸ್ವಲ್ಪ ಈಚೆ ನೋಡು,” ಅಂತ ಹೇಳಿ ಆ ನಗುವನ್ನೇ ಹಿಡಿದಿದ್ದರು. ಹೊರಡುವಾಗ ಯಾರಾದರೂ ಒಬ್ಬರು ಅವರ ಕೈಗೆ ಅತ್ತರು ಹಚ್ಚುತ್ತಿದ್ದರು. ಕ್ಯಾಮೆರಾದ ಪಟ್ಟಿಗೂ ಆ ವಾಸನೆ ಹತ್ತಿತ್ತು.

ಈ ನಂಬಿಕೆ ಸುಮ್ಮನೆ ಬಂದದ್ದಲ್ಲ. ರೀಲಿನ ಕಾಲದಲ್ಲಿ ಸ್ಟುಡಿಯೋ ಅವರ ಯಜಮಾನರದ್ದು. ಹೆಂಗಸರ ಕಡೆಯ ರೀಲು ತೊಳೆಯುವ ದಿನ ಯಜಮಾನರಿಗೇ ಕತ್ತಲೆ ಕೋಣೆಗೆ ಪ್ರವೇಶ ಇರಲಿಲ್ಲವಂತೆ. ಅಕ್ಕ ಒಳಗೆ, ಅವರು ಹೊರಗೆ ಬೆಂಚಿನಲ್ಲಿ ಪೇಪರ್ ಓದುತ್ತಾ. ಆಲ್ಬಂ ಕೊಡುವಾಗ ನೆಗೆಟಿವನ್ನೂ ಮದುಮಗಳ ತಾಯಿಯ ಕೈಗೇ ಕೊಟ್ಟುಬಿಡುವುದು ಅಕ್ಕ ಮಾಡಿಕೊಂಡು ಬಂದ ಕ್ರಮ. ತನ್ನ ಹತ್ತಿರ ಏನೂ ಉಳಿಯಬಾರದು.

ಡಿಜಿಟಲ್ ಬಂದ ಮೇಲೆ ಕೊಡಲಿಕ್ಕೆ ನೆಗೆಟಿವ್ ಎಲ್ಲಿದೆ? ಅಕ್ಕ ಅದಕ್ಕೂ ಒಂದು ಶಾಸ್ತ್ರ ಮಾಡಿದ್ದರು. ಆಲ್ಬಂ ಒಯ್ಯಲು ಬಂದ ತಾಯಿಯನ್ನು ಪರದೆಯ ಒಳಗೆ, ನನ್ನ ಕಂಪ್ಯೂಟರಿನ ಎದುರು ಕೂರಿಸುವುದು. ಅವರ ಮನೆಯ ಹೆಸರಿನ ಫೋಲ್ಡರ್ ತೋರಿಸುವುದು. ಅವರ ಬೆರಳಿನಿಂದಲೇ ಡಿಲೀಟ್ ಒತ್ತಿಸುವುದು. ಆಮೇಲೆ ಕಸದ ಬುಟ್ಟಿ ಖಾಲಿ ಮಾಡುವಾಗ ಕಂಪ್ಯೂಟರ್ ಕಾಗದ ಮುದುಡಿದ ಹಾಗೆ ಒಂದು ಶಬ್ದ ಮಾಡುತ್ತದಲ್ಲ, ಅದು ಕೇಳಿಸಲಿ ಅಂತ ನಾನು ಸ್ಪೀಕರ್ ಜೋರು ಮಾಡಬೇಕು. “ಹಾಂ, ಹರಿದ ಶಬ್ದ ಬಂತು. ಸಾಕು,” ಅಂತ ಆ ತಾಯಂದಿರು, ಉಮ್ಮಂದಿರು, ಏಳುತ್ತಿದ್ದರು. ಒಬ್ಬರಂತೂ “ಇನ್ನೊಮ್ಮೆ ಹರಿ ಮಗಳೇ, ಗಟ್ಟಿಯಾಗ್ಲಿ,” ಅಂದಿದ್ದರು.

ನಮ್ಮ ಪ್ರಿಂಟಿಂಗ್ ಮೆಷಿನ್ ಭಾರದ್ದು, ಹಾಗಾಗಿ ಕೆಳ ಅಂತಸ್ತಿನ ಒಂದು ಕೋಣೆಯಲ್ಲಿತ್ತು. ಮಹಡಿಯ ನನ್ನ ಕಂಪ್ಯೂಟರಿನ ಒಂದು ಫೋಲ್ಡರನ್ನು ಕೆಳಗಿನ ಮೆಷಿನ್ನಿನ ಕಂಪ್ಯೂಟರ್ ಕೇಬಲ್ ಮೂಲಕ ತೆರೆದು ಫೋಟೋ ತೆಗೆದುಕೊಳ್ಳುವುದು. ಹೆಂಗಸರ ಆಲ್ಬಂ ಇದ್ದ ದಿನ ಅಕ್ಕನೇ ಕೆಳಗೆ ಹೋಗಿ, ಶಟರ್ ಅರ್ಧ ಎಳೆದು ಕೂರುತ್ತಿದ್ದರು. ಕಟ್ಟಡದಲ್ಲಿ ನಮ್ಮ ಜೊತೆ ಇನ್ನು ನಾಲ್ಕು ಅಂಗಡಿ: ಗಲ್ಫ್ ಟಿಕೆಟ್ ಮಾಡುವ ಟ್ರಾವೆಲ್ಸ್, ಜೆರಾಕ್ಸ್, ಹೊಲಿಗೆ, ಮತ್ತೆ ರಬ್ಬರ್ ಶೀಟ್ ಖರೀದಿಸುವವರು. ಐದೂ ಅಂಗಡಿಗೆ ಸೇರಿ ಒಂದೇ ಇಂಟರ್ನೆಟ್. ಮೆಟ್ಟಿಲಿನ ಅಡಿಯಲ್ಲಿ ಒಂದು ಪೆಟ್ಟಿಗೆ, ಅದರಿಂದ ಎಲ್ಲ ಅಂಗಡಿಗೂ ವಯರು. ನಮ್ಮ ಮೇಲಿನ ಕಂಪ್ಯೂಟರಿನಿಂದ ಕೆಳಗಿನದ್ದಕ್ಕೆ ಹೋಗುವ ವಯರೂ ಅದೇ ಪೆಟ್ಟಿಗೆಯ ಮೂಲಕ. ಅದರಲ್ಲಿ ಯೋಚಿಸಲಿಕ್ಕೆ ಎಂತ ಉಂಟು ಅಂತ ನಮಗೆ ಯಾರಿಗೂ ಅನಿಸಿರಲಿಲ್ಲ.

ಒಂದು ಏಪ್ರಿಲ್‌ನಲ್ಲಿ ಸಿಡಿಲು ಬಡಿದು ನನ್ನ ಕಂಪ್ಯೂಟರ್ ಹೋಯಿತು. ಹೊಸದು ಬಂತು. ಹೊಸದಕ್ಕೂ ಕೆಳಗಿನ ಹಳೆಯದಕ್ಕೂ ಮಾತೇ ಇಲ್ಲ. ಮರುದಿನ ಒಂದು ಆಲ್ಬಂ ಕೊಡಬೇಕು. ಕಂಪ್ಯೂಟರ್ ಮಾರಿದವನಿಗೆ ಫೋನ್ ಮಾಡಿದೆ. ಅವನು ಫೋನಿನಲ್ಲೇ ದಾರಿ ಹೇಳಿದ: “ಹಳೆ ಕಾಲದ ಒಂದು ಕ್ರಮ ಉಂಟು, ಅದನ್ನು ಆನ್ ಮಾಡಿ. ಪಾಸ್‌ವರ್ಡ್ ಬೇಡ ಅಂತ ಕೊಡಿ. ಎಲ್ಲರಿಗೂ ಅಂತ ಒಂದು ಉಂಟಲ್ಲ, ಅಲ್ಲಿ ಟಿಕ್ ಹಾಕಿ.” ಇದು ಸುರಕ್ಷಿತ ಅಲ್ಲ ಅಂತ ಪರದೆಯ ಮೇಲೆ ಏನೋ ಹಳದಿ ಗುರುತು ಬಂತು. ಓಕೆ ಒತ್ತಿದೆ. ಕೆಳಗಿನಿಂದ ಅಕ್ಕ “ಬಂತು ಬಂತು!” ಅಂತ ಕೂಗಿದರು. ನನಗೆ ಖುಷಿ. ಟಿಕ್ಕಿನ ವಿಷಯ ಅಕ್ಕನಿಗೆ ಹೇಳಲೂ ಇಲ್ಲ, ಹೇಳುವಂಥದ್ದು ಅಂತ ಗೊತ್ತೂ ಇರಲಿಲ್ಲ.

ಮುಂದಿನ ವರ್ಷದ ಮದುವೆಗಳೂ ಹೆಚ್ಚುಕಡಿಮೆ ಮುಗಿದಿದ್ದವು. ಒಂದು ಮಧ್ಯಾಹ್ನ ಟ್ರಾವೆಲ್ಸ್ ಸಾಹೇಬರು ಮೆಟ್ಟಿಲು ಹತ್ತಿ ಬಂದರು. ದೊಡ್ಡ ಮನುಷ್ಯ, ದಿನವೂ ಅಕ್ಕನನ್ನು ರೇಗಿಸದೆ ಹೋಗುವವರಲ್ಲ. ಆ ದಿನ ಬಾಗಿಲಿನ ಹೊರಗೇ ನಿಂತರು. ಮುಖ ಗೋಡೆಯ ಕಡೆ.

“ಅಕ್ಕಾ, ಸ್ವಲ್ಪ ಹೊರಗೆ ಬರ್ತೀರಾ?”

“ಎಂತ ಸಾಹೇಬ್ರೆ, ಪಾಸ್‌ಪೋರ್ಟ್ ಫೋಟೋಕ್ಕೆ ನಾಚಿಕೆಯಾ?”

ಅವರು ನಗಲಿಲ್ಲ. ಹೊಸ ಪ್ರಿಂಟರ್ ಹುಡುಕಲು ಹೋಗಿ ನೆಟ್‌ವರ್ಕ್ ಅಂತ ಇದ್ದಲ್ಲಿ ಒತ್ತಿದರಂತೆ. ಅಲ್ಲೊಂದು ಕಂಪ್ಯೂಟರ್ ಕಂಡಿತು. ಅದರೊಳಗೆ ಒಂದು ಫೋಲ್ಡರ್, ಅದಕ್ಕೆ ತಮ್ಮ ಬೀದಿಯ ಒಂದು ಮನೆಯ ಹೆಸರು. ಆ ಮನೆಯವರ ಪಾಸ್‌ಪೋರ್ಟ್ ಸ್ಕ್ಯಾನ್ ಇರಬೇಕು ಅಂತ ತೆರೆದರು. “ಒಂದು ನೋಡಿದೆ ಅಕ್ಕ. ಒಂದೇ. ಗೊತ್ತಾದ ಕೂಡ್ಲೇ ಟಿವಿಗೆ ಟವೆಲ್ ಹಾಕಿದೆ.” ಅವರು ಮಾನಿಟರಿಗೆ ಟಿವಿ ಅನ್ನುತ್ತಿದ್ದರು. “ಅಲ್ಲಾಹನಾಣೆ, ಒಂದೇ.”

ಅಕ್ಕ ನಂಬಲಿಲ್ಲ. ಆಗುವುದೇ ಇಲ್ಲ, ನನ್ನ ಕೋಣೆಗೆ ಬೀಗ ಉಂಟು ಅಂದರು. ಸೊಂಟದಲ್ಲಿದ್ದ ಬೀಗದ ಕೈ ತೆಗೆದು ತೋರಿಸಿಯೂ ಬಿಟ್ಟರು. ಮತ್ತೆ ನನ್ನನ್ನು ಕರೆದುಕೊಂಡು ಕೆಳಗೆ ಟ್ರಾವೆಲ್ಸಿಗೆ ಹೋದರು. ಸಾಹೇಬರು ಹೊರಗೆ ನಿಂತರು. ಟವೆಲ್ ಎತ್ತಿದೆವು. ದುಬೈ ವಿಮಾನದ ಪೋಸ್ಟರ್‌ಗಳ ನಡುವೆ ಆ ಪರದೆಯಲ್ಲಿ, ಕೂದಲು ಬಿಟ್ಟುಕೊಂಡು, ಮದರಂಗಿಯ ಕೈ ಮುಖಕ್ಕೆ ಹಿಡಿದು ನಗುತ್ತಿದ್ದಳು, ಅಕ್ಕ ಮೂರು ವಾರದ ಹಿಂದೆ ತೆಗೆದ ಮದುಮಗಳು.

ಅಕ್ಕನ ಬಾಯಿಂದ ಒಂದು ಶಬ್ದ ಬಂತು. ಮಾತಲ್ಲ… ಹೇಗೆ ಹೇಳುವುದು, ಕಾಲಿನ ಕೆಳಗೆ ಮೆಟ್ಟಿಲು ಇಲ್ಲದಾಗ ಬರುತ್ತದಲ್ಲ, ಅಂಥದ್ದು. ಓಡಿಹೋಗಿ ಮೆಟ್ಟಿಲಡಿಯ ಪೆಟ್ಟಿಗೆಯಿಂದ ಇದ್ದಬದ್ದ ವಯರನ್ನೆಲ್ಲ ಎಳೆದು ಹಾಕಿದರು. ಐದೂ ಅಂಗಡಿಯ ಇಂಟರ್ನೆಟ್ ನಿಂತಿತು. ಜೆರಾಕ್ಸಿನವನು ಹೊರಗೆ ಬಂದು ಬೈಯಲು ಬಾಯಿ ತೆರೆದವನು ಅಕ್ಕನ ಮುಖ ನೋಡಿ ಮುಚ್ಚಿಕೊಂಡ.

ಮರುದಿನ ಪುತ್ತೂರಿನಿಂದ ಒಬ್ಬ ಕಂಪ್ಯೂಟರ್ ಮಾಷ್ಟ್ರನ್ನು ಕರೆಸಿದರು, ಅಕ್ಕನಿಗೆ ದೂರದ ಸಂಬಂಧ. ಅವರು ಮೊದಲು ಫೋಲ್ಡರಿಗೆ ಪಾಸ್‌ವರ್ಡ್ ಹಾಕಿದರು. ನಾನು ನಿಟ್ಟುಸಿರು ಬಿಟ್ಟೆ. ಅವರು ಬಿಡಲಿಲ್ಲ. “ಇದು ಕೋಣೆಗೆ ಬೀಗ ಹಾಕಿದ ಹಾಗೆ ಆಯ್ತು. ಈ ಕೋಣೆಯಿಂದ ಆ ಕೋಣೆಗೆ ಹೋಗುವ ದಾರಿ ಉಂಟಲ್ಲ, ಅಲ್ಲಿ ನಿಮ್ಮ ಫೋಟೋ ಮುಸುಕಿಲ್ಲದೆ ನಡೀತದೆ. ತೋರಿಸ್ತೇನೆ,” ಅಂದರು. ತಮ್ಮ ಲ್ಯಾಪ್‌ಟಾಪನ್ನು ಮೆಟ್ಟಿಲಡಿಯ ಪೆಟ್ಟಿಗೆಗೆ ಸಿಕ್ಕಿಸಿ, ಕಿತ್ತ ವಯರುಗಳನ್ನೂ ಮತ್ತೆ ಹಾಕಿ, ಏನೋ ಒತ್ತಿದರು. ನಾನು ಮೇಲಿನಿಂದ ಅಕ್ಕನ ಮನೆಯ ಬೆಕ್ಕಿನ ಒಂದು ಫೋಟೋವನ್ನು ಕೆಳಗಿನ ಮೆಷಿನ್ನಿಗೆ ಕಳಿಸಿದೆ, ಪಾಸ್‌ವರ್ಡ್ ಕೊಟ್ಟೇ. ಕೆಳಗೆ ಇಳಿದು ಬರುವಷ್ಟರಲ್ಲಿ ಮಾಷ್ಟ್ರ ಲ್ಯಾಪ್‌ಟಾಪಿನಲ್ಲಿ ಬೆಕ್ಕು ಕೂತಿತ್ತು. ಮೀಸೆ ಸಮೇತ.

“ಬೆಕ್ಕು ಬಂತು…” ಅಂತ ಅಕ್ಕ ಮೆಟ್ಟಿಲಲ್ಲೇ ಕುಸಿದು ಕೂತರು.

ಹೊಸ ಯಂತ್ರಗಳೆರಡು ತಮ್ಮೊಳಗೆ ಮಾತಾಡಿದರೆ, ಹೊರಡುವಾಗಲೇ ಫೋಟೋವನ್ನು ಗುರುತೇ ಸಿಗದ ಹಾಗೆ ಕಲಸಿ ಕಳಿಸಬಹುದಂತೆ, ಅದನ್ನು ಬಿಡಿಸುವ ಕೀಲಿ ಆಚೆಯವನ ಹತ್ತಿರ ಮಾತ್ರ. ಎನ್‌ಕ್ರಿಪ್ಷನ್ ಅಂದರೆ ಅದು. ಅದನ್ನೂ ನಾವೇ ಹೇಳಿ ಆನ್ ಮಾಡಿಸಬೇಕು. ನಮ್ಮ ಕೆಳಗಿನ ಹಳೆಯ ಕಂಪ್ಯೂಟರಿಗೆ ಅದು ಬರುವುದಿಲ್ಲ. ಅದಕ್ಕೆ ಬರುವ ಆ ಹಳೆಯ ಕ್ರಮವನ್ನು ಲೋಕ ಬಿಟ್ಟು ಎಷ್ಟೋ ಸಮಯವಾಗಿದೆ, ಯಾರೋ ಬೇಕಂತಲೇ ಆನ್ ಮಾಡಿದ್ದಾರೆ ಅಂದರು ಮಾಷ್ಟ್ರು. ಯಾರು ಅಂತ ಅವರು ಕೇಳಲಿಲ್ಲ. ನಾನು ನೆಲ ನೋಡುತ್ತಿದ್ದೆ.

“ಇಷ್ಟು ದಿನ ಯಾರಾದ್ರೂ ನೋಡಿದ್ದಾರಾ ಮಾಷ್ಟ್ರೆ? ತೆಗೊಂಡಿದ್ದಾರಾ?”

“ಗೊತ್ತಾಗುದಿಲ್ಲ ಅಕ್ಕ. ಯಾರು ಬಂದ್ರು ಹೋದ್ರು ಅಂತ ಬರೆದಿಡ್ಲಿಕ್ಕೆ ಹೇಳಿದ್ರೆ ಮಾತ್ರ ಅದು ಬರೆದಿಡುದು. ಯಾರೂ ಹೇಳ್ಲಿಲ್ಲ. ಒಬ್ಬರೂ ನೋಡದೆ ಇರ್ಲೂಬಹುದು.”

ಇದು ಎಲ್ಲಕ್ಕಿಂತ ದೊಡ್ಡ ಪೆಟ್ಟು. ಇಂಥವರು ನೋಡಿದರು ಅಂತಾದರೆ ಹೋಗಿ ಕೊರಳಪಟ್ಟಿ ಹಿಡಿಯಬಹುದಿತ್ತು. ಯಾರೂ ನೋಡಲಿಲ್ಲ ಅಂತಾದರೆ ನಿದ್ದೆ ಮಾಡಬಹುದಿತ್ತು. ಅಷ್ಟು ಮನೆಯ ಹೆಣ್ಣುಮಕ್ಕಳು ಯಾರ ಯಾರ ಪರದೆಯ ಮೇಲೆ ಬಂದು ಹೋದರೋ, ಯಾವ ಪೆನ್‌ಡ್ರೈವಿನಲ್ಲಿ ಕೂತಿದ್ದಾರೋ… ಅದಕ್ಕೂ ಮೊದಲೇ ಯಾರಾದರೂ ತೆಗೆದಿಟ್ಟುಕೊಂಡಿದ್ದರೆ, ಉಮ್ಮಂದಿರು ಬೆರಳೊತ್ತಿ ಅಳಿಸಿದ್ದು ಅಳಿಸಿದ್ದೇ ಅಲ್ಲ. ಹರಿದ ಶಬ್ದ ಒಂದು ಬಂದಿತ್ತು, ಅಷ್ಟೆ.

ಅಕ್ಕ ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಹೊಸ ಕಂಪ್ಯೂಟರ್ ಬಂದ ಮೇಲಿನ ಮದುವೆಗಳನ್ನು ಬರೆಯಲು ಹೇಳಿದರು. ಹದಿನಾಲ್ಕು ಮನೆ. “ನಾಳೆಯಿಂದ ಒಂದೊಂದೇ ಹೋಗಿ ಹೇಳಿ ಬರುವ,” ಅಂದರು. ನನಗೆ ಅದು ಬೇಡ ಅನಿಸಿತು. ಯಾಕೆ ಹೇಳುವುದು? ಸಾಹೇಬರು ಬಾಯಿ ಬಿಡುವವರಲ್ಲ. ಕೇಬಲ್ ಕಿತ್ತಾಯಿತು, ಇನ್ನು ಮೇಲೆ ಪೆನ್‌ಡ್ರೈವಿನಲ್ಲಿ ಕೈಯಾರೆ ಒಯ್ದರೆ ಮುಗಿಯಿತು. ಯಾರಿಗೂ ಗೊತ್ತಿಲ್ಲದ್ದನ್ನು ನಾವಾಗಿ ಹೋಗಿ ಹೇಳುವುದುಂಟಾ? ಇದನ್ನೆಲ್ಲ ಹೇಳಿಯೂ ನೋಡಿದೆ. ಅಕ್ಕ ಶೂ ಹಾಕಿಕೊಳ್ಳುತ್ತಾ, “ಅವರ ಬೆರಳು ಹಿಡಿದು ಒತ್ತಿಸಿದ್ದು ಯಾರು? ನಾನಲ್ವಾ?” ಅಂದರು. ನಾನು ಪಟ್ಟಿ ಮಡಿಚಿ ಚೀಲಕ್ಕೆ ಹಾಕಿಕೊಂಡೆ.

ನಾಲ್ಕು ಮನೆಗೆ ನಾನೂ ಹೋದೆ. ಮೊದಲ ಮನೆಯಲ್ಲಿ ಶರಬತ್ತು ಕೊಟ್ಟು, ಇನ್ನೊಬ್ಬಳು ಮಗಳ ಮದುವೆಗೆ ದಿನ ನೋಡುತ್ತಿದ್ದೇವೆ, ನೀವೇ ಬರಬೇಕು ಅಂತ ಶುರುಮಾಡಿದರು. ಅಕ್ಕ ಲೋಟ ಮುಟ್ಟದೆ ಎಲ್ಲವನ್ನೂ ಹೇಳಿದರು. ವಯರು, ಪೆಟ್ಟಿಗೆ, ಬೆಕ್ಕಿನವರೆಗೆ. “ನನ್ನ ಕೈಯಿಂದ ತಪ್ಪಾಯ್ತು,” ಅಂದರು. ಆ ಉಮ್ಮ ಶರಬತ್ತಿನ ತಟ್ಟೆ ಬದಿಗೆ ಸರಿಸಿ, “ಯಾರು ನೋಡಿದ್ದು?” ಅಂತ ಕೇಳಿದರು. “ಗೊತ್ತಿಲ್ಲ. ಅದೇ ಸಂಕಟ,” ಅಂದರು ಅಕ್ಕ. ಮಗಳ ಮದುವೆಯ ಮಾತು ಮತ್ತೆ ಬರಲಿಲ್ಲ. ನಾನು ಶರಬತ್ತು ಕುಡಿಯುತ್ತಾ ಕೂತಿದ್ದೆ.

ಎರಡನೆಯ ಮನೆಯಲ್ಲಿ ಅಳು. ಮೂರನೆಯದರಲ್ಲಿ ಮದುಮಗಳೇ ಇದ್ದಳು, ಹತ್ತೊಂಬತ್ತು ಇಪ್ಪತ್ತು ವರ್ಷದವಳು. ಬಾಗಿಲಿನವರೆಗೆ ಬಂದು ಮೆಲ್ಲಗೆ ಕೇಳಿದಳು: “ಅಕ್ಕ, ನೀವು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ. ಈಗ ಪೇಟೆಗೆ ಹೋದ್ರೆ ಪ್ರತಿಯೊಬ್ಬನ ಮುಖ ನೋಡ್ಬೇಕು ನಾನು. ಯಾಕೆ ಹೇಳಿದ್ರಿ?” ಅಕ್ಕ ಅವಳ ತಲೆಯ ಮೇಲೊಮ್ಮೆ ಕೈ ಇಟ್ಟು ಅಂಗಳಕ್ಕೆ ಇಳಿದರು. ನಾಲ್ಕನೆಯ ಮನೆಯವರು ಆಲ್ಬಂ ತಂದು ಅಕ್ಕನ ಮಡಿಲಿಗೆ ಹಾಕಿ ಒಳಗೆ ಹೋದರು.

ಆ ದಿನ ಜೀಪಿಗೆ ಕಾಯುತ್ತಾ ಬಸ್ ನಿಲ್ದಾಣದ ಕಟ್ಟೆಯಲ್ಲಿ ಕೂತಿದ್ದಾಗ ತಡೆಯಲಾಗಲಿಲ್ಲ. “ಅಕ್ಕ, ಆ ಟಿಕ್ ಹಾಕಿದ್ದು ನಾನು,” ಅಂದುಬಿಟ್ಟೆ.

ಅಕ್ಕ ಆಲ್ಬಮ್ಮಿನ ಮೇಲೆ ಕೈ ಇಟ್ಟು ರಸ್ತೆ ನೋಡುತ್ತಿದ್ದರು. “ಕಂಪ್ಯೂಟರ್ ಮುಟ್ಟುವವಳು ನೀನೊಬ್ಬಳೇ. ಮತ್ತೆ ಯಾರು ಹಾಕ್ತಾರೆ, ಬೆಕ್ಕಾ?”

“ಮತ್ತೆ ಯಾಕೆ ಕೇಳ್ಲಿಲ್ಲ?”

“ಕೇಳದೆ ಇದ್ರೆ ನನ್ನ ಕೈ ಅಂತ ಹೇಳ್ಬಹುದಿತ್ತು. ಈಗ ನೀನು ಹೇಳಿಬಿಟ್ಟೆ. ಉಳಿದ ಮನೆಯಲ್ಲಿ ನಾನು ಎಂತ ಹೇಳುದು ಮಾರಾಯ್ತಿ?” ಜೀಪು ಬಂತು. ಹತ್ತುವಾಗ ಅಂದರು, “ನಾಳೆಯಿಂದ ಮನೆಗಳಿಗೆ ನೀನು ಬರುದು ಬೇಡ.”

ಉಳಿದ ಹತ್ತು ಮನೆಗೆ ಅಕ್ಕ ಒಬ್ಬರೇ ಹೋದರು. ಅಲ್ಲಿ ಏನು ಹೇಳಿದರು ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಸಿಟ್ಟಿನಲ್ಲಿ ನನ್ನನ್ನು ಬಿಟ್ಟುಹೋದರು ಅಂತಲೇ ತಿಳಿದುಕೊಂಡಿದ್ದೆ. ಮುಂದಿನ ಮದುವೆಯ ದಿನಗಳಲ್ಲಿ ಕರೆ ಬರಲಿಲ್ಲ. ಕ್ಯಾನ್‌ವಾಸ್ ಶೂ ಬಾಗಿಲ ಮೂಲೆಯಲ್ಲಿ ಧೂಳು ಹಿಡಿಯಿತು. ಪಾಸ್‌ಪೋರ್ಟ್ ಫೋಟೋ, ಶಾಲೆಯ ಗ್ರೂಪ್ ಫೋಟೋ, ಅಷ್ಟರಲ್ಲಿ ದಿನ ಹೋಗುತ್ತಿತ್ತು. ಅಕ್ಕ ನನ್ನ ಮೇಲೆ ಒಂದು ದಿನವೂ ದನಿ ಏರಿಸಲಿಲ್ಲ. ಅದನ್ನು ತಡೆದುಕೊಳ್ಳಲಾಗದೆ ನಾನೇ ಪುತ್ತೂರಿನಲ್ಲಿ ಬೇರೆ ಕೆಲಸ ಹುಡುಕಿಕೊಂಡೆ. ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ. ಆಮೇಲೆ ಅದೂ ಕಡಿಮೆ… ಎರಡು ವರ್ಷದ ಹಿಂದೆ ಅಕ್ಕ ಹೋದರು. ಸಾವಿನ ಮನೆಗೆ ಹೋದಾಗ ಅಂಗಳದ ಬದಿಯಲ್ಲಿ ನಾಲ್ಕೈದು ಜನ ಉಮ್ಮಂದಿರು ನಿಂತಿದ್ದರು. ಒಬ್ಬರು ನನ್ನ ಕೈ ಒತ್ತಿದರು, ಏನೋ ಕೇಳುವವರ ಹಾಗೆ ನೋಡಿದರು, ಕೇಳಲಿಲ್ಲ.

ಬಸ್ಸಿನ ಆ ದಿನದಿಂದ ನನಗೆ ಸಮಾಧಾನ ಇರಲಿಲ್ಲ. ಭಾನುವಾರ ಸುಳ್ಯದ ಬಸ್ಸು ಹತ್ತಿ, ಅಲ್ಲಿಂದ ಆಟೋ ಮಾಡಿ ಆಲೆಟ್ಟಿಗೆ ಹೋದೆ. ಪಟ್ಟಿಯಲ್ಲಿ ಕೊನೆಯಲ್ಲಿ ಬರೆದ ಮನೆ. ಉಮ್ಮನಿಗೆ ವಯಸ್ಸಾಗಿದೆ. ಅಡಿಗೆಮನೆಯಲ್ಲಿ ಕೂತು ಅಕ್ಕಿಹಿಟ್ಟಿನ ಪತ್ತಿರ್ ರೊಟ್ಟಿ ತಟ್ಟುತ್ತಿದ್ದರು.

“ನಾನು ಕಡಬದ ಸ್ಟುಡಿಯೋದಲ್ಲಿ ಅಕ್ಕನ ಜೊತೆ…”

“ಗೊತ್ತುಂಟು. ಕೂತ್ಕೊ.”

ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಟಿಕ್ ಹಾಕಿದ್ದು ನಾನು, ಅಕ್ಕನಿಗೆ ಹೇಳದೆ ಹಾಕಿದ್ದು, ಹಳದಿ ಗುರುತು ಕಂಡರೂ ಓಕೆ ಒತ್ತಿದ್ದು. ಉಮ್ಮನ ಕೈ ನಿಲ್ಲಲಿಲ್ಲ.

“ಅದೂ ಗೊತ್ತುಂಟು.”

“ಯಾರು ಹೇಳಿದ್ದು?”

“ಅಕ್ಕನೇ. ಹುಡುಗಿಯ ಕೈಯಿಂದ ಆಯ್ತು, ಹುಡುಗಿ ನನ್ನವಳು, ಹಾಗಾಗಿ ತಪ್ಪು ನನ್ನದೇ ಅಂದ್ರು. ನನಗೆ ಸಿಟ್ಟು ಬಂತು. ಕರ್ಕೊಂಡು ಬನ್ನಿ ಅವಳನ್ನು, ನಾನು ಕೇಳ್ತೇನೆ ಅಂದೆ. ತರುದಿಲ್ಲ ಅಂದ್ರು. ಅವಳಾಗಿ ಬರ್ತಾಳೆ, ಬರುವವರೆಗೆ ಎಲ್ಲಿ ಕಂಡ್ರೂ ಕೇಳ್ಬೇಡಿ ಅಂತ ಮಾತು ತೆಗೊಂಡ್ರು. ಒಬ್ಬರೇ ಹೋದ ಮನೆಯಲ್ಲೆಲ್ಲ ಹಾಗೇ ಹೇಳಿದ್ದಂತೆ. ನಾವು ಯಾರೂ ಕೇಳ್ಲಿಲ್ಲ.”

ಕೇಳಲಿಲ್ಲ, ನಿಜ. ಎಷ್ಟು ವರ್ಷ! ಸುಳ್ಯದ ಬಟ್ಟೆ ಅಂಗಡಿಯಲ್ಲಿ ಎದುರಾದವರು, ಕಡಬದ ಜಾತ್ರೆಯ ದಿನ ಬಸ್ಸಿನಲ್ಲಿ ಸರಿದು ಜಾಗ ಕೊಟ್ಟವರು, ನನ್ನ ಮಗುವಿನ ಕೆನ್ನೆ ಹಿಂಡಿದವರು… ಗೊತ್ತಿದ್ದೂ ನಕ್ಕವರು ಎಲ್ಲರೂ. ಯಾರಿಗೂ ಗೊತ್ತಿಲ್ಲ ಅಂತ ಅವರ ನಡುವೆ ತಲೆ ಎತ್ತಿ ಓಡಾಡಿದ್ದೇನೆ ನಾನು.

ಉಮ್ಮ ಒಂದು ಪತ್ತಿರ್ ಬಟ್ಟಲಿಗೆ ಹಾಕಿ ನನ್ನ ಮುಂದೆ ದೂಡಿದರು. “ಕೋಪ ಎಲ್ಲ ಹೋಗಿ ಎಷ್ಟೋ ಸಮಯ ಆಯ್ತು. ಆದ್ರೆ ನೀನು ಲೇಟ್ ಮಾಡಿದೆ ಮಗಳೇ. ಅಕ್ಕ ಆಸ್ಪತ್ರೆಯಲ್ಲಿದ್ದಾಗ ನೋಡ್ಲಿಕ್ಕೆ ಹೋಗಿದ್ದೆ. ‘ಹುಡುಗಿ ಬಂದಿದ್ದಳಾ?’ ಅಂತ ಕೇಳಿದ್ರು.”

“ನೀವು ಎಂತ ಹೇಳಿದ್ರಿ?”

“ಇಲ್ಲ ಅಂದೆ. ಸುಳ್ಳು ಹೇಳ್ಲಿಕ್ಕಾಗ್ತದಾ ಅಕ್ಕನ ಹತ್ರ?”

ಪತ್ತಿರ್ ತಣ್ಣಗಾಗುತ್ತಿತ್ತು. ತಿಂದೆ. ತಿನ್ನದೆ ಏಳಲು ಅವರು ಬಿಡುತ್ತಿರಲಿಲ್ಲ.

ಅಕ್ಕ ಒಬ್ಬರೇ ಹೋದ ಮನೆಗಳಲ್ಲಿ ಇನ್ನು ಒಂಬತ್ತು ಉಂಟು, ಮೊದಲಿನ ನಾಲ್ಕೂ ಉಂಟು. ಹೋಗುತ್ತೇನೆ. ಹೋಗಿ ಬಂದೆ ಅಂತ ಹೇಳಲಿಕ್ಕೆ ಮಾತ್ರ ಅಕ್ಕ ಇಲ್ಲ.